ಸಾಫ್ಟ್ ಅನ್ನೋದು ಹೆಸರಿಗೆ ಮಾತ್ರ

ಪ್ರತಿ ಜೂನ್‌ನಲ್ಲಿ ಎಂಟನೇ ಕ್ಲಾಸಿಗೆ ಹೊಸದಾಗಿ ಬಂದ ಹೆಣ್ಣುಮಕ್ಕಳನ್ನು ಮರದ ನೆರಳಲ್ಲಿ ಸಾಲಾಗಿ ಕೂರಿಸಿ, ಒಂದು ಚೆಂಡನ್ನು ಕೈಯಿಂದ ಕೈಗೆ ದಾಟಿಸುತ್ತೇನೆ. ದಪ್ಪನೆಯ ಬೇಲದಕಾಯಿಯಷ್ಟು ಗಾತ್ರ, ಹಳದಿ ಬಣ್ಣ, ಮೇಲೆ ಕೆಂಪು ಹೊಲಿಗೆ. ಒಬ್ಬಳು ಹೆಬ್ಬೆರಳಲ್ಲಿ ಒತ್ತುತ್ತಾಳೆ, ಇನ್ನೊಬ್ಬಳು ಉಗುರು ಚುಚ್ಚುತ್ತಾಳೆ, ಮೂರನೆಯವಳು ಕಲ್ಲಿಗೆ ಕುಟ್ಟಿ ನೋಡುತ್ತಾಳೆ. ಸಾಲಿನ ಕೊನೆ ಮುಟ್ಟುವ ಹೊತ್ತಿಗೆ ಯಾರಾದರೊಬ್ಬಳು ಕೇಳಿಯೇ ಕೇಳುತ್ತಾಳೆ: “ಮಿಸ್, ಸಾಫ್ಟ್‌ಬಾಲ್ ಅಂತೀರ, ಇದು ಸಾಫ್ಟೇ ಇಲ್ವಲ್ಲ?”

ಆ ಪ್ರಶ್ನೆ ಬರಲಿ ಅಂತಲೇ ನಾನು ಚೆಂಡು ಕೊಡುವುದು. ಮೂರು ವರ್ಷದ ಹಿಂದಿನವರೆಗೆ ನಕ್ಕು ಸುಮ್ಮನಾಗುತ್ತಿದ್ದೆ. ಈಗ ಕೂತು ಉತ್ತರ ಹೇಳುತ್ತೇನೆ.

ನಾನು ಸಿ.ಎಸ್. ಪುರದವಳು. ದಾಖಲೆಯಲ್ಲಿ ಚಂದ್ರಶೇಖರಪುರ. ಆದರೆ ಬಸ್ಸಿನ ಬೋರ್ಡಿನಲ್ಲೂ ಜನರ ಬಾಯಲ್ಲೂ ಅದು ಸಿ.ಎಸ್. ಪುರವೇ. ಗುಬ್ಬಿ ತಾಲ್ಲೂಕಿನ ಒಂದು ಹೋಬಳಿ, ತೆಂಗು ಅಡಿಕೆಯ ಸೀಮೆ. ನಮ್ಮ ಮೊದಲ ಬ್ಯಾಟು ತೆಂಗಿನ ಮಟ್ಟೆ, ಮೊದಲ ಆಟ ಚಿನ್ನಿದಾಂಡು. ಚಿನ್ನಿ ಮೇಲೆದ್ದಾಗೆಲ್ಲ ಜಗಲಿ ಮೇಲಿಂದ ಅಜ್ಜಿ ಕೂಗುತ್ತಿದ್ದಳು: “ಕಣ್ಗೆ ಹೊಡ್ಕೊಂಡೀರಾ, ಜ್ವಾಕೆ!” ಎರಡೂ ತುದಿ ಚೂಪಾದ ಆ ಮರದ ತುಂಡು ಎಷ್ಟು ಊರುಗಳಲ್ಲಿ ಎಷ್ಟು ಮಕ್ಕಳ ಕಣ್ಣು ತೆಗೆದಿದೆಯೋ. ಅಜ್ಜಿಗೆ ಅದು ಗೊತ್ತಿತ್ತು. ಆಮೇಲೆ ಬಿ.ಪಿ.ಎಡ್. ಓದಿ, ಪಿ.ಟಿ. ಟೀಚರ್ ಆಗಿ, ಕೊರಳಿಗೆ ವಿಷಲ್ ಹಾಕಿಕೊಂಡ ನನಗೆ ಅದು ಮರೆತುಹೋಗಿತ್ತು.

ಮೂರು ವರ್ಷದ ಹಿಂದಿನ ಆ ದಿನ ಶಾಲಾ ಕ್ರೀಡಾಕೂಟಕ್ಕೆ ಹತ್ತು ದಿನ ಬಾಕಿ. ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳನ್ನು ಥರ್ಡ್ ಬೇಸಿನಲ್ಲಿ, ಅಂದರೆ ಬ್ಯಾಟರ್ ಓಡಿ ಮುಟ್ಟಬೇಕಾದ ಮೂರನೆಯ ನೆಲೆಯ ಹತ್ತಿರ, ನಿಲ್ಲಿಸಿದ್ದೆ. ಎರಡು ಜಡೆ ಮಡಿಚಿ ಕಟ್ಟಿದ ಕೆಂಪು ಟೇಪು, ಕೈಗೆ ಒಂದು ಸೈಜು ದೊಡ್ಡದಾದ ಗ್ಲೌಸು. ನೆಲದ ಮೇಲೆ ಉರುಳಿ ಬರುವ ಚೆಂಡಿಗೆ ಹೇಗೆ ಬಗ್ಗಬೇಕು ಅಂತ ಹೇಳಿಕೊಟ್ಟವಳು ನಾನೇ: “ಮುಖ ತಿರುಗಿಸಬೇಡ. ಕಣ್ಣು ಚೆಂಡಿನ ಮೇಲಿರಲಿ. ಗ್ಲೌಸ್ ನೆಲಕ್ಕೆ ತಾಗಿಸು.” ಅವಳು ಹೇಳಿದ್ದನ್ನು ಹೇಳಿದ ಹಾಗೇ ಮಾಡಿದಳು. ಚೆಂಡು ಅವಳ ಮುಂದೆ ಒಂದು ಮಾರು ದೂರದಲ್ಲಿ ಗರಸು ಕಲ್ಲಿಗೆ ತಾಗಿ ಎಗರಿತು. ಹಸಿ ತೆಂಗಿನಕಾಯಿ ಒಡೆದ ಹಾಗೆ ಒಂದು ಸದ್ದು. ಆಮೇಲೆ ಮೈದಾನದಲ್ಲಿ ಯಾರೂ ಮಾತಾಡಲಿಲ್ಲ.

ಕೆನ್ನೆಯ ಮೂಳೆ ಬಿರುಕು ಬಿಟ್ಟಿತ್ತು. ಹುಬ್ಬಿನ ಕೆಳಗೆ ಸೀಳಿ ಐದು ಹೊಲಿಗೆ ಬಿತ್ತು. ಕಣ್ಣು ಉಳಿಯಿತು. ತಪ್ಪಿಸಿಕೊಂಡದ್ದು ಒಂದು ಬೆರಳಿನಷ್ಟರಲ್ಲಿ.

ಹೆಸರು ಬಂದ ಬಗೆ

ಚೆಂಡು ಗಟ್ಟಿ, ಹೆಸರು ಮಾತ್ರ ಮೆತ್ತಗೆ. ಇದಕ್ಕೆ ಕಾರಣ ಅದರ ಹುಟ್ಟು. 1887ರ ಚಳಿಗಾಲದಲ್ಲಿ ಅಮೆರಿಕದ ಷಿಕಾಗೊ ನಗರದ ಫಾರಗಟ್ ಬೋಟ್ ಕ್ಲಬ್ಬಿನಲ್ಲಿ ಫುಟ್‌ಬಾಲ್ ಪಂದ್ಯದ ಫಲಿತಾಂಶ ಕಾಯುತ್ತಿದ್ದ ಹುಡುಗರು ಒಂದು ಬಾಕ್ಸಿಂಗ್ ಗ್ಲೌಸನ್ನು ಎಸೆದು, ಕಸಪೊರಕೆಯ ಕೋಲಿನಿಂದ ಬಾರಿಸಿ ಆಡಿದರಂತೆ. ಅಲ್ಲಿದ್ದ ಜಾರ್ಜ್ ಹ್ಯಾನ್‌ಕಾಕ್ ಎಂಬ ಪತ್ರಕರ್ತ ಅದಕ್ಕೊಂದು ಕ್ರಮ ಕೊಟ್ಟರು. ಮಳೆ ಚಳಿಯಲ್ಲಿ ಕೋಣೆಯೊಳಗೆ ಆಡುವ ಬೇಸ್‌ಬಾಲ್ ಅದು. ಆಗಿನ ಚೆಂಡು ನಿಜವಾಗಿಯೂ ದೊಡ್ಡದು, ಮೆತ್ತನೆಯದು. ‘ಸಾಫ್ಟ್‌ಬಾಲ್’ ಎಂಬ ಹೆಸರು ಬಂದದ್ದು 1926ರಲ್ಲಿ. ಆಟ ಬಯಲಿಗೆ ಬಂತು, ಚೆಂಡು ಚಿಕ್ಕದಾಯಿತು, ಗಟ್ಟಿಯಾಯಿತು. ಹೆಸರು ಮಾತ್ರ ಉಳಿಯಿತು.

ಇವತ್ತಿನ ಚೆಂಡಿನ ಸುತ್ತಳತೆ 12 ಇಂಚು. ತೂಕ ಸುಮಾರು 178ರಿಂದ 198 ಗ್ರಾಂ. ಗಂಡಸರ ಕ್ರಿಕೆಟ್ಟಿನ ಲೆದರ್ ಬಾಲ್ 156ರಿಂದ 163 ಗ್ರಾಂ. ಅಂದರೆ ನಾವು ‘ಹೆಣ್ಣುಮಕ್ಕಳ ಆಟ, ಮೆತ್ತನೆಯ ಆಟ’ ಅಂದುಕೊಂಡು ಕೈಗೆ ಕೊಡುವ ಚೆಂಡು, ಅಪ್ಪಂದಿರು ‘ಡ್ಯೂಸ್ ಬಾಲ್, ಹುಷಾರು’ ಅನ್ನುವ ಚೆಂಡಿಗಿಂತ ಭಾರ.

ದೂರವೂ ಕಡಿಮೆ. ಕ್ರಿಕೆಟ್ ಪಿಚ್ಚು 22 ಗಜ, ಅಂದರೆ 20 ಮೀಟರಿಗೆ ಸ್ವಲ್ಪ ಹೆಚ್ಚು. ಮಹಿಳೆಯರ ಸಾಫ್ಟ್‌ಬಾಲಿನಲ್ಲಿ ಚೆಂಡು ಎಸೆಯುವ ಪಿಚರ್ ನಿಲ್ಲುವ ಜಾಗದಿಂದ ಬ್ಯಾಟರ್‌ಗೆ 43 ಅಡಿ, ಅಂದರೆ 13 ಮೀಟರ್. ತೋಳನ್ನು ಗಾಳಿಗಿರಣಿಯಂತೆ ಸುತ್ತಿ, ಸೊಂಟದ ಕೆಳಗಿನಿಂದ ಚೆಂಡು ಬಿಟ್ಟು, ಒಂದು ದೊಡ್ಡ ಹೆಜ್ಜೆ ಮುಂದೆ ಬಂದು ನಿಲ್ಲುವ ಹೊತ್ತಿಗೆ ಅವಳಿಗೂ ಬ್ಯಾಟಿಗೂ ನಡುವೆ ಉಳಿಯುವುದು ಹನ್ನೆರಡು ಮೀಟರ್ ಇರಬಹುದು. ಬೇಸಿನಿಂದ ಬೇಸಿಗೆ 60 ಅಡಿ. ಬ್ಯಾಟರ್ ಬಂಟ್ ಮಾಡುವ, ಅಂದರೆ ಬ್ಯಾಟನ್ನು ಅಡ್ಡ ಹಿಡಿದು ಚೆಂಡನ್ನು ಮೆಲ್ಲಗೆ ತಟ್ಟುವ, ಹಾಗೆ ಕಂಡರೆ ಥರ್ಡ್ ಬೇಸಿನವಳೂ ಓಡಿ ಮುಂದೆ ಬಂದು ಅಷ್ಟೇ ಹತ್ತಿರ ನಿಲ್ಲುತ್ತಾಳೆ. ಬ್ಯಾಟರ್ ಮನಸ್ಸು ಬದಲಿಸಿ ಬಲವಾಗಿ ಬೀಸಿದಳೋ, ಮುಗಿಯಿತು. ಆ ಮೂಲೆಗೆ ಆಟಗಾರರು ‘ಹಾಟ್ ಕಾರ್ನರ್’ ಅನ್ನುತ್ತಾರೆ.

ಲೆಕ್ಕ ಹಾಕೋಣ. ಬಲವಾಗಿ ಬಾರಿಸಿದ ಚೆಂಡು ಗಂಟೆಗೆ 100 ಕಿ.ಮೀ. ವೇಗದಲ್ಲಿ ಬಂದರೆ ಹನ್ನೆರಡು ಮೀಟರ್ ದಾಟಲು ಬೇಕಾದದ್ದು ಸೆಕೆಂಡಿನ ನೂರರಲ್ಲಿ 43 ಭಾಗ. ಕಣ್ಣು ಕಂಡದ್ದನ್ನು ಮಿದುಳು ತಿಳಿದು ಕೈಗೆ ಹೇಳುವುದಕ್ಕೇ ನೂರರಲ್ಲಿ 20 ಭಾಗ ಬೇಕು. ಉಳಿದದ್ದರಲ್ಲಿ ಗ್ಲೌಸು ಮೇಲೆ ಬರಬೇಕು. ಕಷ್ಟ, ಆದರೆ ತರಬೇತಿಯಿಂದ ಸಾಧ್ಯ.

ನಮ್ಮ ಮೈದಾನದ ಲೆಕ್ಕ ಬೇರೆ. ನಮ್ಮ ಹುಡುಗಿಯರು ಬಾರಿಸಿದ ಚೆಂಡು ಗಂಟೆಗೆ 70 ಕಿ.ಮೀ. ಅಂತಲೇ ಇಟ್ಟುಕೊಳ್ಳಿ. ಮುಖದಿಂದ ಎರಡು ಮೀಟರ್ ಮುಂದೆ ಅದು ಕಲ್ಲಿಗೆ ತಾಗಿ ದಿಕ್ಕು ಬದಲಿಸಿದರೆ, ಆಮೇಲೆ ಉಳಿಯುವ ಸಮಯ ಸೆಕೆಂಡಿನ ಹತ್ತರಲ್ಲಿ ಒಂದು ಭಾಗ. ಮಿದುಳಿಗೆ ಸುದ್ದಿ ಮುಟ್ಟುವ ಮೊದಲೇ ಚೆಂಡು ಮೂಗಿಗೆ ಮುಟ್ಟಿರುತ್ತದೆ. ಇಲ್ಲಿ ಚುರುಕುತನ, ಅಭ್ಯಾಸ, ಧೈರ್ಯ ಯಾವುದೂ ಕೆಲಸಕ್ಕೆ ಬರುವುದಿಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಕೈಯಲ್ಲಿದ್ದ ಚೀಟಿಯ ಹಿಂಭಾಗದಲ್ಲಿ ಈ ಲೆಕ್ಕ ಮಾಡಿದೆ. ಅಲ್ಲಿಯವರೆಗೆ ‘ಚೆನ್ನಾಗಿ ಕಲಿತವಳಿಗೆ ಪೆಟ್ಟಾಗಲ್ಲ’ ಅನ್ನುವವರಲ್ಲಿ ನಾನೂ ಒಬ್ಬಳು.

ಬ್ಯಾಂಡೇಜಿನ ಫೋಟೊ

ನಿಯಮ ಏನು ಹೇಳುತ್ತದೆ? ಬ್ಯಾಟರ್‌ಗೆ ಹೆಲ್ಮೆಟ್ ಬೇಕು. ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವ ಕ್ಯಾಚರ್‌ಗೆ ಮಾಸ್ಕ್, ಹೆಲ್ಮೆಟ್, ಎದೆಕವಚ, ಕಾಲಿಗೆ ಪ್ಯಾಡ್ ಬೇಕು. ಪಿಚರ್, ಫಸ್ಟ್ ಬೇಸ್, ಥರ್ಡ್ ಬೇಸಿನವರು ಮುಖದ ಮಾಸ್ಕ್ ಹಾಕುವುದು ಅವರವರ ಇಷ್ಟ. ಅಮೆರಿಕದ ಹೈಸ್ಕೂಲುಗಳಲ್ಲಿ 2006ರಿಂದ ಬ್ಯಾಟರ್ ಹೆಲ್ಮೆಟ್ಟಿಗೆ ಮುಖದ ಜಾಲರಿ ಕಡ್ಡಾಯವಾಯಿತು. ಫೀಲ್ಡರ್ ಮಾಸ್ಕಿನ ವಿಷಯದಲ್ಲಿ ಅಲ್ಲಿ ಇನ್ನೂ ವಾದ ನಡೆಯುತ್ತಲೇ ಇದೆ.

ವಾದ ಹೊಸದೇನಲ್ಲ. ಬೇಸ್‌ಬಾಲ್ ಕ್ಯಾಚರ್‌ಗಳು ಬರಿಮುಖದಲ್ಲಿ ನಿಲ್ಲುತ್ತಿದ್ದ ಕಾಲದಲ್ಲಿ, ಹಾರ್ವರ್ಡಿನ ಫ್ರೆಡ್ ಥೇಯರ್ ಎಂಬಾತ ಕತ್ತಿವರಸೆಯ ಮುಖಜಾಲರಿಯನ್ನು ತಿದ್ದಿ ಮಾಸ್ಕ್ ಮಾಡಿಸಿ 1878ರಲ್ಲಿ ಪೇಟೆಂಟ್ ಪಡೆದ. ಆಗ ನಕ್ಕವರು ಬೇಕಾದಷ್ಟು ಜನ. ಇವತ್ತು ಮಾಸ್ಕಿಲ್ಲದೆ ಕೂತ ಕ್ಯಾಚರ್ ಕಂಡರೆ ಅಂಪೈರೇ ಆಟ ನಿಲ್ಲಿಸುತ್ತಾನೆ. ಐಸ್ ಹಾಕಿಯ ಗೋಲ್‌ಕೀಪರ್ ಜಾಕ್ ಪ್ಲಾಂಟ್‌ಗೆ ಪಂದ್ಯದಲ್ಲಿ ಮಾಸ್ಕ್ ಹಾಕಿಕೊಳ್ಳಲು ಕೋಚ್ ಬಿಟ್ಟಿರಲಿಲ್ಲ, ಕಣ್ಣಿಗೆ ಅಡ್ಡ ಬರುತ್ತದೆ ಅಂತ. 1959ರ ನವೆಂಬರ್ 1ರಂದು ನ್ಯೂಯಾರ್ಕಿನಲ್ಲಿ ಮುಖ ಸೀಳಿಸಿಕೊಂಡು ಹೊಲಿಗೆ ಹಾಕಿಸಿಕೊಂಡ ಆತ, ಮಾಸ್ಕ್ ಇಲ್ಲದೆ ವಾಪಸ್ ಇಳಿಯುವುದಿಲ್ಲ ಅಂದ. ಕೋಚ್ ಒಪ್ಪಲೇಬೇಕಾಯಿತು. ಅವನ ತಂಡ ಸೋಲಲಿಲ್ಲ, ಗೆಲ್ಲುತ್ತಾ ಹೋಯಿತು. ಮುಂದೆ ಕೆನಡಾದಲ್ಲಿ ಮಕ್ಕಳ ಐಸ್ ಹಾಕಿಗೆ ಪೂರ್ತಿ ಮುಖಕವಚ ಕಡ್ಡಾಯವಾದ ಮೇಲೆ, ಆಟದಲ್ಲಿ ಕಣ್ಣು ಕಳೆದುಕೊಳ್ಳುವ ಮಕ್ಕಳ ಸಂಖ್ಯೆ ಪಾತಾಳಕ್ಕಿಳಿಯಿತು.

ಅಷ್ಟು ದೂರ ಯಾಕೆ, ನಮ್ಮ ಬೆಂಗಳೂರಿನ ಅನಿಲ್ ಕುಂಬ್ಳೆಯವರನ್ನೇ ನೋಡಿ. 2002ರ ಮೇ ತಿಂಗಳಲ್ಲಿ ಆಂಟಿಗಾದಲ್ಲಿ ಮರ್ವಿನ್ ಡಿಲ್ಲನ್ ಎಸೆತ ದವಡೆ ಮುರಿಯಿತು. ತಲೆಯಿಂದ ಗದ್ದದವರೆಗೆ ಬ್ಯಾಂಡೇಜ್ ಸುತ್ತಿಕೊಂಡು ಬಂದು 14 ಓವರ್ ಹಾಕಿ ಲಾರಾ ವಿಕೆಟ್ ಕಿತ್ತರು. ಆ ಫೋಟೊ ನಮ್ಮ ಸ್ಟಾಫ್ ರೂಮಿನ ಬೀರುವಿಗೆ ಬಹಳ ವರ್ಷ ಅಂಟಿತ್ತು. ಮಕ್ಕಳಿಗೆ ತೋರಿಸಿ ‘ಧೈರ್ಯ ಅಂದ್ರೆ ಇದು’ ಅನ್ನುತ್ತಿದ್ದೆ. ಇನ್ನೊಂದು ಘಟನೆಯಲ್ಲೂ ಕುಂಬ್ಳೆ ಇದ್ದಾರೆ, ಆದರೆ ಬೌಲರ್ ಆಗಿ. 2000ದ ಏಷ್ಯಾ ಕಪ್‌ನಲ್ಲಿ ಢಾಕಾದಲ್ಲಿ ಅವರ ಎಸೆತವೊಂದು ಎಗರಿ ವಿಕೆಟ್ ಕೀಪರ್ ಸಬಾ ಕರೀಮ್ ಕಣ್ಣಿಗೆ ಬಡಿಯಿತು. ಕಣ್ಣಿಗೆ ಶಸ್ತ್ರಚಿಕಿತ್ಸೆ ಆಯಿತು, ಆಟ ಮೊದಲಿನ ಹಾಗೆ ಮುಂದುವರಿಯಲಿಲ್ಲ. ಬೌಲ್ ಮಾಡಿದ್ದು ಸ್ಪಿನ್ನರ್, ವೇಗದ ಬೌಲರ್ ಅಲ್ಲ ಅನ್ನುವುದನ್ನು ನೆನಪಿಡಿ. ಕೆಡುಕಾದದ್ದು ವೇಗದಿಂದಲ್ಲ, ಚೆಂಡು ದಾರಿ ತಪ್ಪಿದ್ದರಿಂದ. ಈ ಎರಡನೆಯ ಕಥೆಗೆ ಫೋಟೊ ಇರಲಿಲ್ಲ. ಹಾಗಾಗಿ ನಾನು ಅದನ್ನು ಮಕ್ಕಳಿಗೆ ಹೇಳಿಯೂ ಇರಲಿಲ್ಲ.

ಹೆಣ್ಣು ನೋಡಕ್ಕೆ ಬಂದೋರು

ಆ ಹುಡುಗಿಯ ಮನೆಗೆ ಮೂರನೇ ದಿನ ಹೋದೆ. ಬೈಸಿಕೊಳ್ಳಲು ಸಿದ್ಧಳಾಗಿಯೇ ಹೋಗಿದ್ದೆ. ಅವಳಮ್ಮ ಬೈಯಲಿಲ್ಲ. ಕಾಫಿ ಕೊಟ್ಟು, ಅಡಿಕೆ ಸುಲಿಯುತ್ತಾ ಹೇಳಿದರು:

“ಆಡ್ಲಿ ಅಂತ ಕಳ್ಸಿದ್ದು ನಾನೇಯಾ ಮೇಡಮ್ಮೋರೆ. ಕೈ ಮುರ್ದಿದ್ರೆ ಏನೂ ಅಂತಿರ್ಲಿಲ್ಲ. ಮಖಕ್ಕೇ ಇಂಗಾದ್ರೆ, ನಾಳೆ ಹೆಣ್ಣು ನೋಡಕ್ಕೆ ಬಂದೋರ್ಗೆ ಏನಂತ ಹೇಳ್ಲಿ?”

ನನ್ನ ಹತ್ತಿರ ಉತ್ತರ ಇರಲಿಲ್ಲ. ‘ಅದೆಲ್ಲ ಹಳೇ ಕಾಲದ ಯೋಚನೆ’ ಅಂತ ಭಾಷಣ ಮಾಡಬಹುದಿತ್ತು. ಆದರೆ ಆ ವಾರದಲ್ಲೇ ಟೀಮಿನ ಐದು ಹುಡುಗಿಯರು ‘ಮನೇಲಿ ಬೇಡ ಅಂತವ್ರೆ ಮಿಸ್’ ಅಂತ ಗ್ಲೌಸು ತಂದುಕೊಟ್ಟಿದ್ದರು. ಒಂದು ಕೆನ್ನೆಗೆ ಬಿದ್ದ ಪೆಟ್ಟು ಆರು ಹುಡುಗಿಯರನ್ನು ಮೈದಾನದಿಂದ ಆಚೆ ಕಳಿಸಿತ್ತು. ಗಂಡುಹುಡುಗನ ಹುಬ್ಬಿನ ಮೇಲೆ ಹೊಲಿಗೆ ಗುರುತು ಇದ್ದರೆ ಅದು ಕಟ್ಟೆ ಮೇಲೆ ಹೇಳುವ ಕಥೆ. ಹೆಣ್ಣುಹುಡುಗಿಯ ಹುಬ್ಬಿನ ಮೇಲಿದ್ದರೆ ಮನೆಮಂದಿಯ ಚಿಂತೆ. ಇದು ಸರಿಯಲ್ಲ, ನಿಜ. ಆದರೆ ಸರಿಯಾಗುವವರೆಗೆ ನನ್ನ ಹುಡುಗಿಯರು ಆಡಬೇಡವೇ?

ಮಾಸ್ಕ್ ವಿಷಯದಲ್ಲಿ ಬೇರೆ ದೇಶದ ಕೋಚ್‌ಗಳು ಮೂಳೆ, ಹಲ್ಲು, ಕಣ್ಣಿನ ಲೆಕ್ಕ ಹೇಳುತ್ತಾರೆ. ನಾನು ಅದಕ್ಕೆ ಇನ್ನೊಂದು ಸೇರಿಸುತ್ತೇನೆ. ನಮ್ಮಂಥ ಊರಲ್ಲಿ ಮಾಸ್ಕ್ ಹುಡುಗಿಯ ಮುಖವನ್ನು ಕಾಯುವುದಕ್ಕಿಂತ ಹೆಚ್ಚಾಗಿ ಅವಳ ಆಟವನ್ನು ಕಾಯುತ್ತದೆ.

ಸೋಮ ಬಂದ

ಪೋಷಕರ ಸಭೆಯಲ್ಲಿ ಮಾಸ್ಕ್ ತರಿಸೋಣ ಅಂದಾಗ ಒಬ್ಬರು ಕೊರೊನಾ ಮತ್ತೆ ಬಂತಾ ಅಂತ ಕೇಳಿದರು. ಇನ್ನೊಬ್ಬರು, “ನಮ್ ವೆಲ್ಡಿಂಗ್ ಶಾಪ್‌ನೋನ್ಗೆ ಹೇಳಿದ್ರೆ ಅರ್ಧ ಗಂಟೇಲಿ ಕಂಬಿ ಬಗ್ಗಿಸಿ ಮಾಡ್ಕೊಡ್ತಾನೆ ಬಿಡಿ” ಅಂದರು. ಕಣ್ಣಿಗೆ ಕರಿಗಾಜೂ ಇಟ್ಟುಕೊಳ್ಳದೆ ಬೆಸುಗೆ ಹಾಕುವ ಪುಣ್ಯಾತ್ಮ ಅವನು! ಮನೆಯಲ್ಲಿ ಮಾಡಿದ ಜಾಲರಿ ಯಾಕೆ ಬೇಡ ಅನ್ನುವುದನ್ನು ಅಲ್ಲೇ ವಿವರಿಸಿದೆ.

ಮಾಸ್ಕ್ ಚೆಂಡನ್ನು ತಡೆಯುತ್ತದೆ ಅನ್ನುವುದು ಅರ್ಧ ಮಾತು. ಪೆಟ್ಟನ್ನು ಜಾಗ ಬದಲಿಸಿ ಹಂಚುವುದು ಅದರ ನಿಜವಾದ ಕೆಲಸ. ಮುಖದ ಮೂಳೆಗಳಲ್ಲಿ ಬೇಗ ಮುರಿಯುವುದು ಮೂಗು. ಕಣ್ಣುಗುಡ್ಡೆ ಕೂತಿರುವ ಗೂಡಿನ ತಳವಂತೂ ಹಪ್ಪಳದಷ್ಟು ತೆಳು. ಹಣೆ ಮಾತ್ರ ಗಟ್ಟಿ. ಒಳ್ಳೆಯ ಮಾಸ್ಕಿನಲ್ಲಿ ಉಕ್ಕಿನ ತಂತಿ ಅಥವಾ ಗಟ್ಟಿ ಪ್ಲಾಸ್ಟಿಕ್ಕಿನ ಚೌಕಟ್ಟು ಮೂಗು ಕೆನ್ನೆಗಳಿಗೆ ತಾಗದ ಹಾಗೆ ಮುಂದೆ ನಿಂತಿರುತ್ತದೆ. ಪೆಟ್ಟಿನ ಭಾರ ಫೋಮಿನ ಮೂಲಕ ಹಣೆಗೆ, ಗದ್ದಕ್ಕೆ ಹೋಗುತ್ತದೆ. ಕಂಬಿ ಬಗ್ಗಿದರೆ, ಬೆಸುಗೆ ಬಿಟ್ಟರೆ, ಅದೇ ಕಂಬಿ ಕಣ್ಣಿಗೆ ಚುಚ್ಚುತ್ತದೆ. ರಕ್ಷಣೆಗೆ ಅಂತ ಹಾಕಿದ್ದು ಚೂರಿಯಾಗುತ್ತದೆ.

ಮೂರು ಮಾಸ್ಕ್ ತರಿಸಿದೆವು. ದುಡ್ಡು ಕೊಟ್ಟವನು ಕೊಬ್ಬರಿ ವ್ಯಾಪಾರ ಮಾಡುವ ನನ್ನ ಹಳೆಯ ವಿದ್ಯಾರ್ಥಿ. ಮೊದಲ ದಿನ ಹುಡುಗಿಯರು ಹಾಕಿಕೊಂಡು ಮೈದಾನಕ್ಕೆ ಇಳಿದಾಗ ಕಾಂಪೌಂಡಿನ ಮೇಲೆ ಕೂತಿದ್ದ ಹುಡುಗರು “ಸೋಮ ಬಂದ, ಸೋಮ ಬಂದ” ಅಂತ ತಮಟೆ ಬಡಿದ ಹಾಗೆ ಕೂಗಿದರು. ನಮ್ಮ ಕಡೆ ಗ್ರಾಮದೇವತೆಯ ಪರಿಷೆಯಲ್ಲಿ ದೊಡ್ಡ ಮುಖವಾಡ ಹೊತ್ತು ಕುಣಿಯುವ ಸೋಮನ ಕುಣಿತ ಗೊತ್ತಿದ್ದವರಿಗೆ ಆ ಹಾಸ್ಯ ತಿಳಿಯುತ್ತದೆ. ಹುಡುಗಿಯರು ಮುದುಡಿದರು. ನಾನು ಆ ಹುಡುಗರನ್ನು ಕರೆದು ಕೇಳಿದೆ: “ಟಿ.ವಿ.ಲಿ ಹಾಕಿ ನೋಡ್ತೀರಲ್ಲ, ಪೆನಾಲ್ಟಿ ಕಾರ್ನರ್ ಬಂದಾಗ ಗೋಲಿನ ಮುಂದೆ ನಿಲ್ಲೋರು ಏನು ಹಾಕ್ಕೋತಾರೆ?” ಮಾಸ್ಕ್, ಅಂದರು. “ಅವರೂ ಸೋಮಾನಾ?” ಉತ್ತರ ಬರಲಿಲ್ಲ. ಹಾಕಿಯ ಆ ಪದ್ಧತಿಯೇ ನನಗೂ ದಾರಿ ತೋರಿಸಿತು. ಹನ್ನೊಂದು ಜನರೂ ಎಲ್ಲ ಹೊತ್ತೂ ಹಾಕುವುದಿಲ್ಲ. ಅಪಾಯ ಎಲ್ಲಿದೆಯೋ ಅಲ್ಲಿ ನಿಲ್ಲುವವರು, ಅಪಾಯದ ಹೊತ್ತಿಗೆ ಹಾಕುತ್ತಾರೆ.

ನಮ್ಮಲ್ಲೂ ಹಾಗೇ. ದೂರ ನಿಲ್ಲುವ ಔಟ್‌ಫೀಲ್ಡರ್‌ಗಳಿಗೆ ಮಾಸ್ಕ್ ಬೇಡ ಅಂದೆ. ಅವರಿಗೆ ಚೆಂಡು ನೋಡಲು ಸಮಯವಿದೆ, ಮೇಲೆ ನೋಡುವಾಗ ತಂತಿ ಅಡ್ಡ ಬಂದೀತು. ಪಿಚರ್, ಥರ್ಡ್ ಬೇಸ್, ಫಸ್ಟ್ ಬೇಸ್, ಈ ಮೂವರಿಗೆ ಬೇಕೇಬೇಕು. ಪಂದ್ಯದಲ್ಲಿ ಮಾತ್ರವಲ್ಲ, ಅಭ್ಯಾಸದಲ್ಲೂ. ಯಾಕೆಂದರೆ ಪಂದ್ಯದ ಒಂದು ಗಂಟೆಗಿಂತ ಅಭ್ಯಾಸದ ಮೂವತ್ತು ಸಂಜೆಗಳಲ್ಲಿ ಮುಖದ ಕಡೆ ಬರುವ ಚೆಂಡುಗಳೇ ಹೆಚ್ಚು.

ಕಷ್ಟಗಳೂ ಇವೆ. ಸೆಕೆ. ಬೆವರು ಫೋಮಿಗೆ ಇಳಿದು ನಾರುತ್ತದೆ. ಮಡಿಚಿ ಕಟ್ಟಿದ ಜಡೆಯ ಮೇಲೆ ಬೆಲ್ಟು ಕೂರುವುದಿಲ್ಲ, ಹಾಗಾಗಿ ಆಟದ ದಿನ ಒಂದೇ ಜಡೆ ಅಂತ ಕಾನೂನು ಮಾಡಿದೆವು. ಒಂದೇ ಮಾಸ್ಕ್ ಇಬ್ಬರು ಹಾಕಿದರೆ ಹೇನು ಹತ್ತುತ್ತದೆ ಅಂತ ಒಬ್ಬಳು ಗುಟ್ಟಾಗಿ ಬಂದು ಹೇಳಿದಳು. ಈಗ ಪ್ರತಿಯೊಬ್ಬಳಿಗೂ ತಲೆಗೆ ಕಟ್ಟಲು ತನ್ನದೇ ಕರ್ಚೀಫು. ಕಾಲ ಬುಡದ ಚೆಂಡು ಮೊದಲು ಕಾಣುವುದಿಲ್ಲ ಅನ್ನುವುದೂ ನಿಜ. ಎರಡು ವಾರ ಟೆನಿಸ್ ಬಾಲ್ ಉರುಳಿಸಿ ಅಭ್ಯಾಸ ಮಾಡಿಸಿದ ಮೇಲೆ ಆ ದೂರು ನಿಂತಿತು. ಕೆಲವರು ಮಾಸ್ಕ್ ಇದೆ ಅಂತ ಚೆಂಡಿಗೆ ಮುಖ ಕೊಡಲು ಶುರು ಮಾಡಿದರು. ಅವರಿಗೆ ಹೇಳಿದೆ: ಇದು ಮೂಗು ಕಾಯುತ್ತದೆ, ಮಿದುಳನ್ನಲ್ಲ. ಪೆಟ್ಟಾದ ಮೇಲೆ ತಲೆ ಸುತ್ತಿದರೆ, ವಾಂತಿ ಬಂದರೆ, ಮಂಕಾದರೆ ಮಾಸ್ಕ್ ಹಾಕಿದ್ದರೂ ಆ ದಿನದ ಆಟ ಮುಗಿಯಿತು, ಡಾಕ್ಟರ ಹತ್ತಿರ ಹೋಗಬೇಕು. ಒಂದು ವಸ್ತು ಎರಡಾಗಿ ಕಂಡರೆ, ಕಣ್ಣಿನ ಕೆಳಗೆ ಜೋಮು ಹಿಡಿದರೆ, ಕಪ್ಪುಗುಡ್ಡೆಯ ಮುಂದೆ ರಕ್ತ ನಿಂತರೆ ತಡ ಮಾಡದೆ ಕಣ್ಣಿನ ಆಸ್ಪತ್ರೆ.

ಹಲ್ಲಿನ ವಿಷಯವೂ ಒಂದಿದೆ. ಬೇರುಸಮೇತ ಕಿತ್ತು ಬಿದ್ದ ಶಾಶ್ವತ ಹಲ್ಲನ್ನು ಎಸೆಯಬೇಡಿ. ಬೇರು ಮುಟ್ಟದೆ ಮೇಲ್ತುದಿ ಹಿಡಿದೆತ್ತಿ, ಹಾಲಿನಲ್ಲಿ ಹಾಕಿ, ಒಂದು ಗಂಟೆಯೊಳಗೆ ದಂತವೈದ್ಯರ ಹತ್ತಿರ ಹೋದರೆ ಮತ್ತೆ ಕೂರಿಸುವ ಅವಕಾಶವಿದೆ. ಎಳನೀರಿನಲ್ಲಿ ಇಟ್ಟರೆ ಹೇಗೆ ಅಂತಲೂ ಪ್ರಯೋಗಗಳು ನಡೆದಿವೆ, ನಮ್ಮ ಸೀಮೆಯವರಿಗೆ ಕೇಳಲು ಹಿತವಾದ ಸಂಗತಿ. ಆದರೂ ವೈದ್ಯರು ಮೊದಲು ಹೇಳುವುದು ಹಾಲನ್ನೇ.

ಇನ್ನು ದುಡ್ಡಿಲ್ಲದ ಕೆಲಸವೊಂದಿದೆ. ಮಾಸ್ಕ್ ಬರುವ ಮೊದಲೇ ನಾವು ಮಾಡಬೇಕಾಗಿದ್ದದ್ದು ಅದು. ಪ್ರತಿ ಶನಿವಾರ ಮಕ್ಕಳು ಸಾಲಾಗಿ ನಡೆದು ಬೇಸುಗಳ ನಡುವಿನ ಗರಸು ಕಲ್ಲು ಆಯುತ್ತಾರೆ. ಮಳೆ ಬಂದ ಮೇಲೆ ಗುಂಡಿಗೆ ಮಣ್ಣು ಹಾಕಿ ನೀರು ಚಿಮುಕಿಸಿ ದಿಮ್ಮಸು ಹೊಡೆಯುತ್ತೇವೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ ಅಂತ ನನಗೂ ಅನ್ನಿಸುತ್ತದೆ. ಆದರೂ ಬಾಗಿಲು ಹಾಕಲೇಬೇಕು.

ಸ್ಕೋರ್ ಬುಕ್ಕು

ಪೆಟ್ಟಾದ ಹುಡುಗಿ ಮತ್ತೆ ಥರ್ಡ್ ಬೇಸಿಗೆ ಬರಲಿಲ್ಲ. ನಾನೂ ಬಲವಂತ ಮಾಡಲಿಲ್ಲ. ಹತ್ತನೇ ಕ್ಲಾಸಿನಲ್ಲಿ ಸ್ಕೋರ್ ಬುಕ್ ಬರೆಯಲು ಕೂತಳು. ಲೆಕ್ಕದಲ್ಲಿ ಚುರುಕು. ಅದೇ ವರ್ಷ ಎಂಟನೇ ಕ್ಲಾಸಿಗೆ ಬಂದ ಅವಳ ತಂಗಿ, ಅಮ್ಮನ ಹತ್ತಿರ ಮಾಸ್ಕ್ ತೋರಿಸಿ, ಹಾಕಿಕೊಂಡು ತಲೆಬಾಗಿಲಿಗೆ ಹಣೆ ಗುದ್ದಿ ‘ನೋಡು, ಏನೂ ಆಗಲ್ಲ’ ಅಂತ ಪ್ರಯೋಗ ಮಾಡಿ, ಒಪ್ಪಿಗೆ ತಂದಳಂತೆ.

ಒಂದು ಸಂಜೆ ತಂಗಿ ಥರ್ಡ್ ಬೇಸಿನಲ್ಲಿದ್ದಳು. ಉರುಳಿ ಬಂದ ಚೆಂಡು ಕೊನೆ ಗಳಿಗೆಯಲ್ಲಿ ಎಗರಿ ನೇರ ಮುಖಕ್ಕೆ. ‘ಠಣ್’ ಅಂತ ಸದ್ದು. ನನ್ನ ಎದೆ ಧಸಕ್ಕೆಂದಿತು. ಅವಳು ಎರಡು ಹೆಜ್ಜೆ ಹಿಂದೆ ಸರಿದು, ಮಾಸ್ಕ್ ಸರಿಮಾಡಿಕೊಂಡು, ಕಾಲ ಬಳಿ ಬಿದ್ದಿದ್ದ ಚೆಂಡು ಹುಡುಕಿ ಫಸ್ಟ್ ಬೇಸಿಗೆ ಎಸೆದಳು. ಅಷ್ಟರಲ್ಲಿ ಬ್ಯಾಟರ್ ಓಡಿ ಬೇಸು ಮುಟ್ಟಿ ಆಗಿತ್ತು. ತಂಗಿಯನ್ನು ಆಚೆ ಕರೆದು ಕಣ್ಣು ನೋಡಿ, ನಾಲ್ಕು ಮಾತಾಡಿಸಿ, ಆ ಸಂಜೆಗೆ ಸಾಕು ಅಂತ ಕೂರಿಸಿದೆ.

ಆಮೇಲೆ ಸ್ಕೋರ್ ಬುಕ್ಕಿನ ಹತ್ತಿರ ಹೋದೆ. ಸ್ಕೋರಿಂಗ್‌ನಲ್ಲಿ ಥರ್ಡ್ ಬೇಸಿನ ನಂಬರು 5. ಅಲ್ಲಿ ಫೀಲ್ಡರ್ ತಪ್ಪು ಮಾಡಿದರೆ ‘ಇ-5’ ಅಂತ ಬರೆಯಬೇಕು. ಅಕ್ಕ ಪೆನ್ನು ಎತ್ತಿ ಹಿಡಿದಿದ್ದಳು, ಬರೆದಿರಲಿಲ್ಲ.

“ಎರರ್ ಅಲ್ಲ ಮಿಸ್,” ಅಂದಳು. “ನೆಲದ ಮೇಲೆ ಸರಿಯಾಗಿ ಬರ್ತಿದ್ದ ಚೆಂಡು ಕಲ್ಲಿಗೆ ತಾಗಿ ಎಗರಿದ್ರೆ ಫೀಲ್ಡರ್ ತಪ್ಪಲ್ಲ. ಹಿಟ್ ಅಂತ ಬರೀಬೇಕು. ನೀವೇ ಹೇಳ್ಕೊಟ್ಟಿದ್ದು.”

ಹುಬ್ಬಿನ ಕೆಳಗೆ ಐದು ಹೊಲಿಗೆಯ ಗುರುತು ಆ ಬಿಸಿಲಲ್ಲಿ ತೆಳ್ಳಗೆ ಹೊಳೆಯುತ್ತಿತ್ತು. ಅವಳು ಹೇಳಿದ್ದು ತಂಗಿಯ ಚೆಂಡಿನ ಬಗ್ಗೆ. ಆದರೆ ಆ ನಿಯಮದ ಪ್ರಕಾರ ಹಿಂದಿನ ವರ್ಷದ ಚೆಂಡೂ ಅವಳ ತಪ್ಪಲ್ಲ. ಕಲ್ಲು ಆಯದ ನೆಲದಲ್ಲಿ ಬರಿಮುಖದ ಮಗುವಿಗೆ ‘ಮುಖ ತಿರುಗಿಸಬೇಡ’ ಅಂದ ಆ ಸಂಜೆಯ ಎರರ್ ಯಾರ ಹೆಸರಿಗೆ ಬರೆಯಬೇಕು ಅಂತ ನನಗೆ ಗೊತ್ತಿತ್ತು. ಸ್ಕೋರ್ ಬುಕ್ಕಿನಲ್ಲಿ ಕೋಚ್‌ಗೆ ನಂಬರ್ ಇರುವುದಿಲ್ಲ, ಅಷ್ಟೆ.

“ಹಿಟ್ ಅಂತಲೇ ಬರಿ,” ಅಂದೆ.